ಖಡ್ಕಿಯ ತೋಟಾ, ತೀರ್ಥಹಳ್ಳಿಯ ತೋಟ

ಹಿಂಜವಡಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತರೆ ಮಾತು ಮೂರು ವಿಷಯ ದಾಟುವುದಿಲ್ಲ. ಹೋಮ್ ಲೋನಿನ ಬಡ್ಡಿ, ವಾಕಡ್ ಕಡೆಯ ಟ್ರಾಫಿಕ್ಕು, ಯಾರು ಯಾವ ಕಂಪನಿಗೆ ಹಾರಿದರು ಎಂಬ ಸುದ್ದಿ. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಪಕ್ಕದ ಸೀಟಿನ ಗೆಳೆಯ ಭಾಕರಿ ಮುರಿಯುತ್ತಾ ಇದ್ದಕ್ಕಿದ್ದಂತೆ ಕೇಳಿದ: "ರಿವಾಲ್ವರ್ ತಗೊಳ್ಳೋದಾದರೆ ಯಾವ ಬೋರಿನದು ತಗೊಳ್ಳಬೇಕು? ನಿಮ್ಮ ಮನೇಲಿ ಬಂದೂಕಿದೆ ಅಂದಿದ್ದೆಯಲ್ಲ, ನಿನಗೆ ಗೊತ್ತಿರುತ್ತೆ."

ತಮಾಷೆ ಅಂದುಕೊಂಡೆ. ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ.

ಅವನ ಊರು ಪುಣೆ ಜಿಲ್ಲೆಯದೇ ಜುನ್ನರ್ ತಾಲೂಕು. ಕಬ್ಬು, ಈರುಳ್ಳಿ, ಟೊಮೆಟೊ ಬೆಳೆಯುವ ಮನೆ. ಅಲ್ಲಿ ಕಬ್ಬಿನ ಗದ್ದೆಯೇ ಚಿರತೆಗಳ ಕಾಡು. ಅಲ್ಲೇ ಮರಿ ಹಾಕುತ್ತವೆ, ಅಲ್ಲೇ ಬೆಳೆಯುತ್ತವೆ. ಸೆರೆಸಿಕ್ಕ ಚಿರತೆಗಳಿಗೆಂದೇ ಜುನ್ನರ್ ಹತ್ತಿರದ ಮಾಣಿಕಡೋಹದಲ್ಲಿ ಪುನರ್ವಸತಿ ಕೇಂದ್ರವಿದೆ. ಪಕ್ಕದ ಶಿರೂರು ತಾಲೂಕಿನಲ್ಲಿ ಕೊರಳಿಗೆ ಮೊಳೆಗಳ ಪಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ರೈತರ ಫೋಟೊಗಳನ್ನು ನೀವೂ ನೋಡಿರಬಹುದು. ಇವನ ತಂದೆಗೆ ಅರವತ್ತು ದಾಟಿದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವ ಪಾಳಿ ರಾತ್ರಿಯದಾದರೆ ಅವರು ಒಂದು ಟಾರ್ಚು, ಒಂದು ಕೋಲು ಹಿಡಿದು ಒಬ್ಬರೇ ಬಾವಿಯ ಹತ್ತಿರ ಹೋಗುತ್ತಾರೆ. ಹಿಂದಿನ ವಾರ ಪಕ್ಕದ ಮನೆಯ ಕರುವನ್ನು ಚಿರತೆ ಎಳೆದೊಯ್ದಿತ್ತು.

"ಒಂದು ರಿವಾಲ್ವರ್ ಇದ್ದರೆ ಚಿರತೆಗೂ ಆಯಿತು, ಕಳ್ಳರಿಗೂ ಆಯಿತು, ಹಂದಿ ಬಂದರೆ ಹೊಡೆಯೋದಕ್ಕೂ ಆಯಿತು" ಅಂದ. ಮೂರು ಕೆಲಸಕ್ಕೂ ಸಲ್ಲುವ ಬೋರು ಯಾವುದು ಎನ್ನುವುದಷ್ಟೇ ಅವನ ಪ್ರಶ್ನೆ. ಅಮೆರಿಕದ ಯೂಟ್ಯೂಬ್ ವಿಡಿಯೊಗಳನ್ನು ನೋಡಿ ಎಕ್ಸೆಲ್ ಶೀಟ್ ಬೇರೆ ಮಾಡಿದ್ದ. ನಾವು ಎಂಜಿನಿಯರುಗಳು. ಭಯವಾದರೂ ಮೊದಲು ಶೀಟ್ ತೆರೆಯುತ್ತೇವೆ.

ಆ ಶೀಟನ್ನು ಇಬ್ಬರೂ ಕೂತು ತುಂಬಿಸಿದೆವು. ತುಂಬಿಸುತ್ತಾ ಹೋದಂತೆ ನನ್ನದೇ ಮನೆಯ ಒಂದು ಲೆಕ್ಕ ಬಾಕಿ ಇರುವುದು ನೆನಪಾಯಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪಯ್ಯನ ಹನ್ನೆರಡರ ಕೋವಿ

ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಅಡಿಕೆ ತೋಟದ ಮನೆ. ಮಲೆನಾಡಿನ ಬಹಳ ಮನೆಗಳಲ್ಲಿರುವಂತೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂದು ಕೋವಿ ನಮ್ಮಲ್ಲೂ ಇದೆ. ಅಜ್ಜನ ಕಾಲದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ, ಗಜದಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವುದು. ಅಪ್ಪಯ್ಯನ ಕಾಲಕ್ಕೆ ತೋಟಾ ಕೋವಿ ಬಂತು. ಒಂಟಿ ನಳಿಗೆಯ, ಮಧ್ಯಕ್ಕೆ ಮಡಚಿ ತೋಟಾ ಹಾಕುವ 12 ಬೋರಿನದು.

'ಹನ್ನೆರಡು' ಅಂದರೆ ಏನೆಂದು ನಾನು ತಿಳಿದುಕೊಂಡದ್ದು ಸುರತ್ಕಲ್‌ನಲ್ಲಿ ಎಂ.ಟೆಕ್ ಓದುವಾಗ. ಅದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮನಾದ ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಒಳಗೂ ಅಷ್ಟೇ ಅಗಲ, ಅಂದರೆ ಸುಮಾರು 18.5 ಮಿಲಿಮೀಟರ್. ಆದ್ದರಿಂದಲೇ ಈ ಲೆಕ್ಕದಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ರೈಫಲ್, ರಿವಾಲ್ವರುಗಳ ಲೆಕ್ಕ ಬೇರೆ. ಅಲ್ಲಿ .32 ಎಂದರೆ ಇಂಚಿನ ನೂರರಲ್ಲಿ 32 ಪಾಲು, ಸರಿಸುಮಾರು 8 ಮಿಲಿಮೀಟರ್. ಊರಲ್ಲಿ ಎರಡನ್ನೂ 'ಬೋರು' ಅಂತಲೇ ಕರೆಯುವುದರಿಂದ 32ರದ್ದು 12ಕ್ಕಿಂತ ದೊಡ್ಡದು ಎಂದುಕೊಂಡವರನ್ನು ನಾನು ನೋಡಿದ್ದೇನೆ.

ಚಿಕ್ಕಂದಿನಲ್ಲಿ ಅಪ್ಪಯ್ಯನ ತೋಟಾದ ಡಬ್ಬಿ ನನಗೂ ಅಕ್ಕನಿಗೂ ನಿಧಿ ಇದ್ದಂತೆ. ಖಾಲಿಯಾದ ತೋಟಾಗಳನ್ನು ಆಯ್ದು ಪೀಪಿ ಊದುತ್ತಿದ್ದೆವು. ಅದರ ಹಿತ್ತಾಳೆಯ ತಳದಲ್ಲಿ 'ಕೆಎಫ್' ಎಂಬ ಎರಡು ಇಂಗ್ಲಿಷ್ ಅಕ್ಷರ. ಆ ಅಕ್ಷರಗಳ ಅರ್ಥ ತಿಳಿದದ್ದು ಪುಣೆಗೆ ಬಂದ ಮೇಲೆ. ಹಳೆ ಮುಂಬೈ-ಪುಣೆ ರಸ್ತೆಯಲ್ಲಿ ಬರುವಾಗ ಖಡ್ಕಿ ಸಿಗುತ್ತದೆ. ಬ್ರಿಟಿಷರ ಬಾಯಲ್ಲಿ ಅದು ಕಿರ್ಕಿ. ಅಲ್ಲಿನ ಅಮ್ಯುನಿಷನ್ ಫ್ಯಾಕ್ಟರಿ ಶುರುವಾದದ್ದು 1869ರಲ್ಲಿ. ಕೆಎಫ್ ಎಂದರೆ ಕಿರ್ಕಿ ಫ್ಯಾಕ್ಟರಿ. 2021ರಲ್ಲಿ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದಾಗ ಇದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿತು.

ನಾನು ಹೊಟ್ಟೆಪಾಡಿಗೆ ಪುಣೆಗೆ ಬರುವ ಎಷ್ಟೋ ವರ್ಷ ಮೊದಲೇ ಪುಣೆಯ ಸರಕು ನಮ್ಮ ಮನೆಯ ಅಟ್ಟಕ್ಕೆ ಬಂದು ಕೂತಿತ್ತು!

ಶೀಟಿನಲ್ಲಿ ಉಳಿದದ್ದು ಒಂದೇ ಸಾಲು

ಗೆಳೆಯನ ಶೀಟಿನಲ್ಲಿ ಏಳೆಂಟು ಬೋರುಗಳಿದ್ದವು. ಮೊದಲು ಕಾನೂನಿನ ಜರಡಿ ಹಿಡಿದೆವು.

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳು ಬಂದೂಕುಗಳನ್ನು ನಿಷೇಧಿತ ಬೋರು, ನಿಷೇಧಿತವಲ್ಲದ ಬೋರು ಎಂದು ಎರಡು ಪಾಲು ಮಾಡಿವೆ. ಇದರ ಹಿಂದಿನ ತರ್ಕ ಸರಳ. ಸೈನ್ಯ, ಪೊಲೀಸರು ಬಳಸುತ್ತಿದ್ದ ಗುಂಡು ಜನರ ಕೈಯಲ್ಲಿರುವ ಆಯುಧದಲ್ಲಿ ಹಿಡಿಸಬಾರದು. ಹಿಡಿಸಿದರೆ ಸರ್ಕಾರಿ ಉಗ್ರಾಣದ ಗುಂಡು ಕಳ್ಳದಾರಿಯಲ್ಲಿ ಊರು ಸೇರುತ್ತದೆ. ಹಾಗಾಗಿ .303 ಮತ್ತು 7.62ರ ರೈಫಲ್ಲುಗಳು, .380 ಮತ್ತು .455ರ ತೋಟಾ ಹಿಡಿಸುವ ರಿವಾಲ್ವರುಗಳು, 9 ಎಂಎಂ ಮತ್ತು .45ರ ಪಿಸ್ತೂಲುಗಳು ನಿಷೇಧಿತ ಪಟ್ಟಿಗೆ ಸೇರಿವೆ. ಸಿನಿಮಾದಲ್ಲಿ ಹೀರೊ ಹಿಡಿಯುವ ಬಹುಪಾಲು ಆಯುಧಗಳು ಇಲ್ಲಿಗೇ ಮುಗಿದವು.

ಹೊಡೆತಕ್ಕೆ ಹೆಸರಾದ .357 ಮ್ಯಾಗ್ನಂ, .44 ಮ್ಯಾಗ್ನಂ ಹೊರದೇಶದವು. ಸಾಮಾನ್ಯ ನಾಗರಿಕರಿಗೆ ಆಮದಿನ ಬಾಗಿಲು 1980ರ ದಶಕದಿಂದಲೇ ಮುಚ್ಚಿದಂತೆ. ಅದಕ್ಕೂ ಮೊದಲು ಬಂದ ಹಳೆಯವು ಕೈಯಿಂದ ಕೈಗೆ ಹೋಗುತ್ತಾ ಈಗ ಕಾರಿನ ಬೆಲೆ ಮುಟ್ಟಿವೆ. ಅವುಗಳಿಗೆ ಗುಂಡು ಹುಡುಕುವುದು ಇನ್ನೊಂದು ಪಾಡು.

ಉಳಿದದ್ದು .32. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ಆರು ಗುಂಡಿನ ರಿವಾಲ್ವರ್ ಇದೇ ಬೋರಿನದು. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ ಮಹಿಳೆಯರಿಗೆಂದು 2014ರ ಜನವರಿಯಲ್ಲಿ ಬಿಡುಗಡೆಯಾದ 'ನಿರ್ಭೀಕ್' ಕೂಡ .32. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೊ ತೂಕ, ಆಗಲೇ ಬೆಲೆ 1.22 ಲಕ್ಷ ರೂಪಾಯಿ. ಆ ಬೆಲೆಗೆ ಯಾವ ಸಾಮಾನ್ಯ ಹೆಣ್ಣುಮಗಳು ಕೊಳ್ಳುತ್ತಾಳೆ, ಕೊಂಡರೂ ಅವಳ ರಕ್ಷಣೆಯ ಹೊಣೆ ಅವಳದೇ ಆಗಿಬಿಡುತ್ತದಲ್ಲ ಎಂದು ಮಹಿಳಾ ಸಂಘಟನೆಗಳವರು ಅಂದೇ ಕೇಳಿದ್ದರು. 2023ರಲ್ಲಿ ಬಂದ 'ಪ್ರಬಲ್' ಕೂಡ .32. ಅದರ ಚಕ್ರ ಬದಿಗೆ ತೆರೆದುಕೊಳ್ಳುತ್ತದೆ ಎನ್ನುವುದು ಸುಧಾರಣೆ. ಬೋರು ಮಾತ್ರ ಅದೇ.

ಒಟ್ಟಿನಲ್ಲಿ ಅಮೆರಿಕದವನಿಗೆ 'ಯಾವ ಬೋರು' ಎನ್ನುವುದು ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆ. ನಮಗೆ ಅದಕ್ಕೆ ಉತ್ತರವನ್ನು ಸರ್ಕಾರವೇ ಬರೆದಿಟ್ಟಿದೆ. ಗೆಳೆಯನ ಶೀಟಿನಲ್ಲಿ ಒಂದೇ ಸಾಲು ಉಳಿಯಿತು.

ಅರ್ಧ ಎಂ.ವಿ. ಸ್ಕ್ವೇರ್

ಆ ಒಂದು ಸಾಲು ಎಷ್ಟು ಕೆಲಸಕ್ಕೆ ಬರುತ್ತದೆ? ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಸೂತ್ರ ಸಾಕು. ಗುಂಡಿನ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದು ಹೊತ್ತೊಯ್ಯುವ ಶಕ್ತಿ ಸಿಗುತ್ತದೆ.

ನಮ್ಮಲ್ಲಿ ಸಿಗುವ .32 ತೋಟಾದ ಮೂಲ 1896ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಲಾಂಗ್. ಗುಂಡಿನ ತೂಕ ಆರು ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ ಸುಮಾರು 215 ಮೀಟರ್. ಲೆಕ್ಕ ಹಾಕಿದರೆ ಸುಮಾರು 150 ಜೌಲ್. ಗುರಿ ಕಲಿಯಲು ಬಳಸುವ .22 ರೈಫಲ್ಲಿನ ಪುಟಾಣಿ ಗುಂಡಿಗೂ ಅಷ್ಟೇ ಶಕ್ತಿ ಇರುತ್ತದೆ, ಕೆಲವೊಮ್ಮೆ ಹೆಚ್ಚೇ. .357 ಮ್ಯಾಗ್ನಂಗೆ 700 ಜೌಲ್ ಆಸುಪಾಸು. .44 ಮ್ಯಾಗ್ನಂಗೆ 1,300. ಅಪ್ಪಯ್ಯನ 12 ಬೋರಿನ ದಪ್ಪ ಚರೆಯ ತೋಟಾಕ್ಕೆ ಎರಡು ಸಾವಿರಕ್ಕೂ ಮಿಗಿಲು. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳಿಂದ ನಮಗೆಲ್ಲ ಪರಿಚಿತರಾದ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋಗುವಾಗ ಹಿಡಿಯುತ್ತಿದ್ದದ್ದು .405 ವಿಂಚೆಸ್ಟರ್ ರೈಫಲ್. ಅದರದು ನಾಲ್ಕು ಸಾವಿರ ಜೌಲ್ ದಾಟುತ್ತದೆ.

.32 ಕೆಟ್ಟ ಗುಂಡಲ್ಲ. ಒದೆತ ಕಡಿಮೆ, ಗುರಿ ನಿಖರ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ. ಆದರೆ ಅದು ಕಾಗದದ ಗುರಿಗೆ ಸಲ್ಲುವ ಗುಂಡು. ಐವತ್ತು ಅರವತ್ತು ಕಿಲೊ ತೂಗುವ, ಕತ್ತಲಲ್ಲಿ ಕಬ್ಬಿನ ಸಾಲಿನಿಂದ ಹಾರುವ ಚಿರತೆಯ ಮುಂದೆ ಅದು ಸಿಟ್ಟೆಬ್ಬಿಸುವ ಸಾಧನ ಅಷ್ಟೇ. ದಪ್ಪ ಚರ್ಮ, ಕೆಳಗೆ ಕೊಬ್ಬು ಇರುವ ಗಂಡು ಹಂದಿಗಂತೂ ಕೇಳುವುದೇ ಬೇಡ. ಗಾಯಗೊಂಡ ಹಂದಿಯ ಹಿಂದೆ ಹೋಗಬಾರದು ಎಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು.

"ತಲೆಗೇ ಹೊಡೆದರೆ?" ಅಂದ ಗೆಳೆಯ.

ರಿವಾಲ್ವರಿನ ನಳಿಗೆ ಮೂರು ನಾಲ್ಕು ಇಂಚು. ಹಿಂದಿನ ಗುರಿಕಣ್ಣಿಗೂ ಮುಂದಿನ ಗುರಿಕಣ್ಣಿಗೂ ಗೇಣು ದೂರವಿಲ್ಲ. ಕೈ ಒಂದು ಕೂದಲೆಳೆ ಅಲುಗಿದರೂ ಹತ್ತು ಮೀಟರಿನಲ್ಲಿ ಗುಂಡು ಎಲ್ಲೆಲ್ಲೋ. ಹಗಲಲ್ಲಿ, ರೇಂಜಿನಲ್ಲಿ, ನಿಂತ ಗುರಿಗೇ ಹೀಗೆ. ಎಡಗೈಯಲ್ಲಿ ಟಾರ್ಚು ಹಿಡಿದು, ಬದುವಿನ ಮೇಲೆ ಜಾರುತ್ತಾ, ಎದೆ ಡವಗುಟ್ಟುವಾಗ ಅರವತ್ತು ದಾಟಿದವರು ಏನು ಗುರಿ ಇಟ್ಟಾರು? ಬೇಕಾದರೆ ಮೊದಲು ಬಾಳೇವಾಡಿಯ ಶೂಟಿಂಗ್ ರೇಂಜಿನಲ್ಲಿ ಯಾರಾದರೂ ಅಭ್ಯಾಸ ಮಾಡುವುದನ್ನು ನೋಡಿಕೊಂಡು ಬಾ ಅಂದೆ.

ಬೇಟೆ ಎಂಬ ಮುಗಿದ ಮಾತು

ಇನ್ನು ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆಯಿತು. ಹವ್ಯಾಸದ ಬೇಟೆ ಎನ್ನುವುದು ಈ ದೇಶದಲ್ಲಿ ಅಲ್ಲಿಗೆ ಮುಗಿಯಿತು. ಚಿರತೆ, ಕಾಡುಕೋಣ ಒಂದನೇ ಅನುಸೂಚಿಯವು. 2022ರ ತಿದ್ದುಪಡಿಯಲ್ಲಿ ನಮ್ಮ ಅಡಿಕೆ, ಬಾಳೆ, ಏಲಕ್ಕಿ ತೋಟ ಹಾಳುಗೆಡಹುವ ಸಾಮಾನ್ಯ ಮಂಗವೂ ಒಂದನೇ ಅನುಸೂಚಿಗೆ ಏರಿತು. ಹಂದಿ ಎರಡನೆಯದರಲ್ಲಿದೆ.

ದಾರಿ ಪೂರ್ತಿ ಮುಚ್ಚಿಲ್ಲ. ಕಾಯ್ದೆಯ 11ನೇ ಕಲಮಿನಂತೆ ಮನುಷ್ಯರಿಗೆ ಅಪಾಯವಾದ, ಬೆಳೆ ನಾಶ ಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಗಳು ಲಿಖಿತ ಅನುಮತಿ ಕೊಡಬಹುದು. ಆದರೆ ಯಾವ ಅನುಸೂಚಿಯ ಪ್ರಾಣಿಗೆ ಯಾರು, ಯಾವ ಕಾರಣಕ್ಕೆ ಅನುಮತಿ ಕೊಡಬಹುದು ಎಂಬುದಕ್ಕೆ ಗೆರೆಗಳಿವೆ. ಕೇರಳ ಸರ್ಕಾರ 2022ರಲ್ಲಿ ಹಂದಿಯ ವಿಷಯದಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೇ ಇಳಿಸಿತು. ಕಾಸರಗೋಡಿನ ನಮ್ಮ ಕನ್ನಡ ಕೃಷಿಕರಿಗೆ ಇದು ಗೊತ್ತಿರುತ್ತದೆ. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ. ಹಾಗೆ ಸತ್ತ ಪ್ರಾಣಿ ಮಾತ್ರ ಸರ್ಕಾರದ ಸ್ವತ್ತು. ಅಡುಗೆಮನೆಗೆ ತರುವಂತಿಲ್ಲ.

ಕೋವಿ ಎಂದರೆ ಬರೀ ಬೇಟೆಯೂ ಅಲ್ಲ ಎನ್ನುವುದಕ್ಕೆ ಕೊಡಗನ್ನು ನೋಡಬೇಕು. 1861ರಿಂದಲೂ ಅಲ್ಲಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಕೈಲ್ ಪೊಳ್ದಿಗೆ ಕೋವಿಗೆ ಹೂವಿಟ್ಟು ಪೂಜೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕಾಡು ದಾಟಿ ಅಲ್ಲೊಂದು ಇಲ್ಲೊಂದು ಇರುವ ಐನ್‌ಮನೆಗಳಿಗೆ ಅದೇ ಟೆಲಿಗ್ರಾಂ ಆಗಿತ್ತು. ಅಲ್ಲಿ ಕೋವಿ ಮನೆತನದ ಒಬ್ಬ ಸದಸ್ಯನಂತೆ. ಯಾವ ಬೋರು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾರ ಮನೆಯದು ಎನ್ನುವುದು ಮುಖ್ಯ.

ಕಳ್ಳರ ಲೆಕ್ಕ

"ಸರಿ, ಪ್ರಾಣಿ ಬಿಡು. ಕಳ್ಳರಿಗಾದರೂ ಆಗುತ್ತಲ್ಲ?" ಅಂದ ಗೆಳೆಯ.

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅದರೊಳಗೇ ಒಂದು ಬೇಲಿಯೂ ಇದೆ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪ್ರಾಣಕ್ಕೆ ಅಪಾಯ, ರಾತ್ರಿ ಮನೆ ಒಡೆದು ನುಗ್ಗುವುದು ಇಂಥ ಸಂದರ್ಭ ಬೇರೆ. ಈರುಳ್ಳಿ ಮೂಟೆ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಅದು ಬೇರೆ. ಈ ವ್ಯತ್ಯಾಸವನ್ನು ಕೋರ್ಟು ವರ್ಷಗಟ್ಟಲೆ ಕೂತು ತೂಗುತ್ತದೆ. ಹೊಡೆಯುವವನಿಗೆ ಸಿಗುವುದು ಎರಡು ಸೆಕೆಂಡು.

ಅದಕ್ಕೂ ಮೊದಲು ಲೈಸೆನ್ಸ್. ಹಳ್ಳಿಯಲ್ಲಿ ಜಿಲ್ಲಾಧಿಕಾರಿ, ನಗರದಲ್ಲಿ ಪೊಲೀಸ್ ಕಮಿಷನರ್. ನಮ್ಮ ಹಿಂಜವಡಿ 2018ರಿಂದ ಪಿಂಪ್ರಿ-ಚಿಂಚವಡ ಕಮಿಷನರೇಟಿಗೆ ಸೇರಿದೆ. ಯಾಕೆ ಬೇಕು ಎಂಬುದಕ್ಕೆ ಗಟ್ಟಿ ಕಾರಣ, ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, 2016ರ ನಿಯಮದಂತೆ ಸುರಕ್ಷತಾ ತರಬೇತಿ, ಮನೆಯಲ್ಲಿ ಭದ್ರವಾಗಿ ಬೀಗ ಹಾಕಿ ಇಡುತ್ತೇನೆಂಬ ಮುಚ್ಚಳಿಕೆ ಎಲ್ಲ ಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ, ಒಬ್ಬರಿಗೆ ಎರಡೇ ಆಯುಧ. ಮದುವೆ ಮೆರವಣಿಗೆಯಲ್ಲಿ ಬೇಜವಾಬ್ದಾರಿಯಿಂದ ಗಾಳಿಗೆ ಹೊಡೆದರೂ ಎರಡು ವರ್ಷದ ತನಕ ಜೈಲು. ಚುನಾವಣೆ ಬಂದರೆ ಆಯುಧ ಠಾಣೆಗೆ. ಬೆಳೆ ಕೈಗೆ ಬರುವ ಹೊತ್ತಿಗೇ ಚುನಾವಣೆ ಬಂದು ಕೋವಿ ಠಾಣೆ ಸೇರುವ ಬಗ್ಗೆ ಮಲೆನಾಡು, ಕರಾವಳಿಯ ರೈತರು ಪ್ರತಿ ಸಲವೂ ಗೊಣಗುತ್ತಾರೆ. ನಮ್ಮ ಅಪ್ಪಯ್ಯನೂ ಗೊಣಗುತ್ತಾರೆ.

ಬೀಗ ಹಾಕಿದ ಕಪಾಟಿನಲ್ಲಿ ರಿವಾಲ್ವರ್, ಇನ್ನೊಂದು ಕಪಾಟಿನಲ್ಲಿ ಗುಂಡು. ಕಳ್ಳ ಬಂದಾಗ ಕೀಲಿ ಹುಡುಕಬೇಕು. ಬೀಗ ಹಾಕದೆ ದಿಂಬಿನ ಕೆಳಗೆ ಇಟ್ಟರೆ ಮನೆಯಲ್ಲಿ ಮಕ್ಕಳಿವೆ. ಗೆಳೆಯನ ಅಣ್ಣನಿಗೆ ಆರು ವರ್ಷದ ಮಗ.

ನಾನು ಹೇಳದೇ ಉಳಿದದ್ದು

ಇಷ್ಟನ್ನೆಲ್ಲ ಅವನಿಗೆ ಹೇಳಿದೆ. ಒಂದನ್ನು ಮಾತ್ರ ಹೇಳಿರಲಿಲ್ಲ.

ಆಗ ನಾನು ಪಿಯುಸಿ. ಅಡಿಕೆ ಕೊಯ್ಲಿನ ಕಾಲ, ರಜೆಗೆ ಮನೆಗೆ ಬಂದಿದ್ದೆ. ವಾರದಿಂದ ಹಂದಿ ಬಂದು ಕೆಳಗಿನ ತೋಟದ ಬಾಳೆ ಬುಡ ಕೆದರಿ ಹಾಕುತ್ತಿತ್ತು. ಅಪ್ಪಯ್ಯನಿಗೆ ಜ್ವರ. ಬೆಳಗಿನ ಜಾವ ನಾಲ್ಕೂವರೆ ಇರಬಹುದು, ತೋಟದಲ್ಲಿ ಸರಬರ ಸದ್ದು ಕೇಳಿತು. ಅಪ್ಪಯ್ಯನನ್ನು ಎಬ್ಬಿಸದೆ ಕೋವಿ ತೆಗೆದುಕೊಂಡೆ, ತೋಟಾ ಹಾಕಿದೆ, ಇಳಿದೆ. ಹದಿನೇಳರ ವಯಸ್ಸಿನಲ್ಲಿ ಕೋವಿ ಹಿಡಿದರೆ ಬೆನ್ನು ತಾನೇ ನೆಟ್ಟಗಾಗುತ್ತದೆ.

ಬಸಿಗಾಲುವೆಯ ಆಚೆ, ಬಾಳೆಯ ಬುಡದಲ್ಲಿ ಕಪ್ಪನೆಯದೊಂದು ಬಗ್ಗಿ ಅಲುಗುತ್ತಿತ್ತು. ಟಾರ್ಚು ಹಾಕಿದರೆ ಓಡುತ್ತದೆಂದು ಹಾಕಲಿಲ್ಲ. ಇಪ್ಪತ್ತು ಇಪ್ಪತ್ತೈದು ಹೆಜ್ಜೆ ದೂರ. 12 ಬೋರಿಗೆ ಅದು ದೂರವೇ ಅಲ್ಲ. ಕುದುರೆ ಎಳೆದೆ. ಬೆರಳು ಬಿಲ್ಲಿನ ಮೇಲಿತ್ತು.

ಹಿಂದಿನಿಂದ ಒಂದು ಕೈ ಬಂದು ನಳಿಗೆಯನ್ನು ಮೆಲ್ಲಗೆ ನೆಲಕ್ಕೆ ಒತ್ತಿತು. ಕಂಬಳಿ ಹೊದ್ದ ಅಪ್ಪಯ್ಯ. ನನ್ನ ಕಡೆ ನೋಡಲೂ ಇಲ್ಲ. ಕತ್ತಲಿಗೆ ಕೂಗಿದರು: "ಯಾರ್ ಮಾರಾಯ ಅದು?"

ಕಪ್ಪನೆಯದು ಕೆಮ್ಮಿತು. ನಮ್ಮ ತೋಟದ ಕೆಲಸಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಹಿರಿಯರು. ಕಾಲುವೆ ಕಟ್ಟಿಕೊಂಡು ನೀರು ನುಗ್ಗುತ್ತಿದೆ ಎಂದು ಬೆಳಕು ಹರಿಯುವ ಮೊದಲೇ ಬಂದು ಬಗ್ಗಿ ಕಸ ತೆಗೆಯುತ್ತಿದ್ದರು. "ನಾನೇ ಅಯ್ಯ, ಜ್ವರ ಬಿಟ್ಟನಾ?" ಅಂದರು.

ಶಿಕಾರಿಗೆ ಹೋಗಿ ಹಂದಿಯೆಂದು ಜೊತೆಗಾರನಿಗೇ ಹೊಡೆದ ಸುದ್ದಿಗಳು ನಮ್ಮ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತವೆ. ಓದುವಾಗಲೆಲ್ಲ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಆ ಸುದ್ದಿಯ ಹೆಸರಿಗೂ ನನಗೂ ಮಧ್ಯೆ ಇದ್ದದ್ದು ಜ್ವರದ ಒಂದು ಕೈ. ಅಪ್ಪಯ್ಯ ಅದನ್ನು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ನನಗೆ ಬೈಯಲೂ ಇಲ್ಲ. ಮನೆಗೆ ಬಂದು ತೋಟಾ ತೆಗೆದು, ನಳಿಗೆ ಒರೆಸಿ, ಇಷ್ಟೇ ಅಂದರು: "ಕಂಡದ್ದಕ್ಕೆ ಹೊಡೀಬೇಕು. ಕಂಡ ಹಂಗೆ ಅನ್ನಿಸಿದ್ದಕ್ಕಲ್ಲ."

ಆ ಹಿರಿಯರಿಗೆ ಈಗ ಕೆಲಸ ಆಗುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಸಿಗುತ್ತಾರೆ. "ಪುಣೇಲಿ ಚಳಿ ಜಾಸ್ತಿಯಾ?" ಎಂದು ಕೇಳುತ್ತಾರೆ. ಅವರಿಗೆ ಇಂದಿಗೂ ಗೊತ್ತಿಲ್ಲ.

ಕೊನೆಗೆ ಇದನ್ನೂ ಗೆಳೆಯನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮ ಹೊಲದಲ್ಲೂ ಬೇರೆ ಕಡೆಯಿಂದ ಬಂದ ಕಬ್ಬು ಕಡಿಯುವವರು ಗುಡಿಸಲು ಹಾಕಿರ್ತಾರೆ. ರಾತ್ರಿ ಅವರ ಮಕ್ಕಳು ಹೊರಗೆ ಬಂದು ಕೂತ್ಕೊಳ್ತಾವೆ" ಅಂದ. ಬಗ್ಗಿ ಕೂತವರನ್ನೇ ಚಿರತೆ ತನ್ನ ಎತ್ತರದ ಪ್ರಾಣಿಯೆಂದು ತಿಳಿದು ಎರಗುತ್ತದಂತೆ. ಬಗ್ಗಿದವರನ್ನೇ ನಾವೂ ಹಂದಿ ಅಂದುಕೊಳ್ಳುತ್ತೇವೆ.

ರಿವಾಲ್ವರಿನ ಸಾಲನ್ನು ಅಳಿಸಿ ಶೀಟಿನಲ್ಲಿ ಬೇರೆ ಸಾಲುಗಳನ್ನು ಬರೆದೆವು. ಪಂಪಿಗೆ ರಾತ್ರಿ ಹೋಗುವುದೇ ಮೂಲ ತೊಂದರೆ. ಮಹಾರಾಷ್ಟ್ರದಲ್ಲಿ ಹಗಲು ಹೊತ್ತಿನ ಕರೆಂಟಿಗೆಂದೇ ಸೌರ ಕೃಷಿ ವಾಹಿನಿ ಯೋಜನೆ ಇದೆ, ಸೋಲಾರ್ ಪಂಪಿಗೆ ಕುಸುಮ್ ಯೋಜನೆ ಇದೆ. ಅವು ಬರುವ ತನಕ ಮೊಬೈಲಿನಿಂದ ಪಂಪ್ ಶುರು ಮಾಡುವ ಸ್ಟಾರ್ಟರ್. ಮನೆಯಿಂದ ಬಾವಿಯವರೆಗೆ ದೀಪ, ಮನೆಯ ಸುತ್ತ ಹತ್ತು ಮೀಟರ್ ಕಬ್ಬು ಬಿಟ್ಟು ಬಯಲು, ದನಕರುಗಳಿಗೆ ಬಾಗಿಲಿರುವ ಕೊಟ್ಟಿಗೆ. ಹೋಗಲೇಬೇಕಾದರೆ ಇಬ್ಬರು, ಜೋರಾಗಿ ಮಾತಾಡುತ್ತಾ. ಎಲ್ಲ ಸೇರಿಸಿದರೂ ನಿರ್ಭೀಕ್‌ನ ಹಳೆ ಬೆಲೆ ಮುಟ್ಟಲಿಲ್ಲ. ಸ್ಟಾರ್ಟರ್ ಮುಂದಿನ ಶನಿವಾರವೇ ಕೂರಿಸಿ ಬಂದ. ಚಿರತೆಯ ಭಯ ಹೋಗಿದೆ ಎಂದು ನಾನು ಹೇಳುವುದಿಲ್ಲ. ರಾತ್ರಿ ಹತ್ತರ ಮೇಲೆ ಊರಿಂದ ಫೋನ್ ಬಂದರೆ ಅವನ ಮುಖ ಈಗಲೂ ಬಿಳಿಚುತ್ತದೆ.

ಕೋವಿ ಯಾರ ಹೆಸರಿಗೆ?

ಈಗ ನನ್ನ ಮನೆಯ ಬಾಕಿ ಲೆಕ್ಕ. ಅಪ್ಪಯ್ಯನಿಗೆ 74. ಲೈಸೆನ್ಸ್ ನವೀಕರಣದ ಹೊತ್ತು ಬಂದಿದೆ. 2016ರ ನಿಯಮದಂತೆ ಲೈಸೆನ್ಸುದಾರರಿಗೆ 70 ತುಂಬಿದರೆ, ಇಲ್ಲವೇ ಆಯುಧ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ಕಳೆದ ವರ್ಷ ಊರಿಗೆ ಹೋದಾಗ ಅಪ್ಪಯ್ಯ ಫಾರಂ ತಂದಿಟ್ಟಿದ್ದರು. "ನಿನ್ನ ಹೆಸರಿಗೆ ಮಾಡೂದಾ?" ಎಂದು ಕೇಳಿದರು. ಕೇಳಿದ್ದು ಕೋವಿಯ ಬಗ್ಗೆ ಮಾತ್ರ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೆಳೆ ರಕ್ಷಣೆಯ ಕೋವಿ ಬೆಳೆಯ ಹತ್ತಿರ ಇರುವವನಿಗೆ. ನಾನು ಇರುವುದು ವಾಕಡ್‌ನ ಹನ್ನೊಂದನೇ ಮಹಡಿಯಲ್ಲಿ. ಬಾಲ್ಕನಿಯಲ್ಲಿ ನಾಲ್ಕು ಕುಂಡ ತುಳಸಿ, ಒಂದು ಕರಿಬೇವು. ಅಲ್ಲಿಗೆ ಪಾರಿವಾಳ ಬಿಟ್ಟರೆ ಯಾವ ವೈರಿಯೂ ಬರುವುದಿಲ್ಲ. ಫಾರಂ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಎಂಟು ತಿಂಗಳು ಅದು ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ಗೆಳೆಯನ ಶೀಟ್ ಮುಗಿಸಿದ ದಿನ ತೆಗೆದು ನೋಡಿದೆ.

ಅಕ್ಕನ ಗಂಡನ ಮನೆ ನಮ್ಮ ಊರಿಂದ ನಾಲ್ಕು ಕಿಲೋಮೀಟರ್. ಅಪ್ಪಯ್ಯನಿಗೆ ಮಂಡಿ ನೋವು ಶುರುವಾದಾಗಿನಿಂದ ನಮ್ಮ ತೋಟದ ಔಷಧಿ, ಕೊಯ್ಲು, ಕೂಲಿ ಲೆಕ್ಕ ಎಲ್ಲ ಅವಳದೇ. ಹಂದಿ ಬಂದ ರಾತ್ರಿ ಅಪ್ಪಯ್ಯ ಫೋನ್ ಮಾಡುವುದೂ ಅವಳಿಗೇ. ಸ್ಕೂಟರಿನಲ್ಲಿ ಬಂದು ಪಟಾಕಿ ಹೊಡೆದು ಓಡಿಸುತ್ತಾಳೆ. ನಿಯಮದಲ್ಲಿ ವಾರಸುದಾರರು ಎಂದರೆ ಮಗನೂ ಹೌದು, ಮಗಳೂ ಹೌದು. ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ, ನನಗೂ.

ಫೋನ್ ಮಾಡಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮಾರಾಯ, ನಿನಗೆ ಬೇಜಾರಿಲ್ಲಲ್ಲ?" ಅಂದಳು. ಇಲ್ಲ ಅಂದೆ. ಪೂರ್ತಿ ನಿಜವಲ್ಲ. ಅಟ್ಟದಲ್ಲಿ ನನ್ನದೆಂದು ಉಳಿದಿದ್ದ ಒಂದು ವಸ್ತುವೂ ಹೋಯಿತಲ್ಲ ಎಂದು ಎದೆಯಲ್ಲಿ ಎಲ್ಲೋ ಚುಚ್ಚಿತು. ಅಪ್ಪಯ್ಯ ಫೋನ್ ತೆಗೆದುಕೊಂಡು, "ಅವಳು ಟಾರ್ಚು ಹಾಕದೇ ಯಾವ ಕಡೆಗೂ ಹೆಜ್ಜೆ ಇಡೂದಿಲ್ಲ" ಎಂದರು. ಅಷ್ಟು ವರ್ಷದಲ್ಲಿ ಆ ಬೆಳಗಿನ ಜಾವದ ಬಗ್ಗೆ ಅವರು ಆಡಿದ ಎರಡನೇ ಮಾತು ಅದು.

ಅರ್ಜಿ ಹೋಗಿದೆ. ಅಕ್ಕ ಸುರಕ್ಷತಾ ತರಬೇತಿಗೆ ಹೆಸರು ಕೊಟ್ಟಿದ್ದಾಳೆ. ಮೊನ್ನೆ ಫೋನಿನಲ್ಲಿ, "ಡಬ್ಬೀಲಿ ಹಳೇ ತೋಟಾ ಆರು ಇದಾವೆ, ತಳದಲ್ಲಿ ಕೆಎಫ್ ಅಂತಿದೆ, ಏನದು?" ಎಂದು ಕೇಳಿದಳು. ನಾನಿರುವ ಊರಿನ ಹೆಸರು ಅಂದೆ.